ಎರಡು ಸೀಟು, ಒಂದು ಕೊರಳು

ಠಾಕುರ್ಲಿ,
ಶನಿವಾರ, ೧೪ ಜುಲೈ ೧೯೭೯

ನನ್ನ ಪ್ರೀತಿಯ ಪ್ರೇಮ್,

ಹೀಗೆ ಹೆಸರು ಹಿಡಿದು ಬರೆದದ್ದನ್ನು ಅತ್ತೆ ನೋಡಿದರೆ ಒಂದು ವಾರ ನನಗೆ ಮೀನು ಬಡಿಸುವುದಿಲ್ಲ. ಆದರೆ ಈ ಸಲ ಪತ್ರ ಅಂಚೆಯಲ್ಲಿ ಬರುತ್ತಿಲ್ಲ, ನಿಮ್ಮ ಕ್ಯಾಂಪಿನ ಕಮಲಾಕ್ಷಣ್ಣನ ಕೈಯಲ್ಲಿ ಬರುತ್ತಿದೆ. ಅವರ ರಜೆ ಮುಗಿಯಿತು, ಇವತ್ತಿನ ವಿಮಾನ. ಕಲ್ಯಾಣದಿಂದ ಬರುವ ದಾರಿಯಲ್ಲಿ ಇಲ್ಲಿ ಇಳಿದು ನಿಮ್ಮ ಪೊಟ್ಟಣ ತೆಗೆದುಕೊಂಡು ಹೋಗುತ್ತಾರೆ. ಹಾಗಾಗಿ ಧೈರ್ಯವಾಗಿ ಇನ್ನೊಂದು ಸಲ ಬರೆಯುತ್ತೇನೆ: ಪ್ರೇಮ್. ನೀವು ಹೇಗಿದ್ದೀರಿ? ಬೆನ್ನಿನ ಬೆವರುಸಾಲೆ ಕಡಿಮೆಯಾಯಿತೇ? ಕ್ಯಾಂಪಿನ ಕೂಲರ್ ರಿಪೇರಿ ಮಾಡುವವರು ಯಾರೂ ಇಲ್ಲ ಎಂದು ಬರೆದಿದ್ದಿರಿ, ಓದಿ ನಾನೂ ನಿಮ್ಮ ತಂಗಿ ಪ್ರಫುಲ್ಲಾಳೂ ಬಿದ್ದು ಬಿದ್ದು ನಕ್ಕೆವು. ಇಡೀ ಮಸ್ಕತ್ತಿಗೆ ವಯರಿಂಗ್ ಮಾಡಲು ಹೋದ ಎಲೆಕ್ಟ್ರಿಷಿಯನ್ನಿಗೆ ತನ್ನ ಕೋಣೆಯ ಕೂಲರ್ ಮುಟ್ಟಲು ಪರ್ಮಿಶನ್ ಬೇಕಂತೆ. ನನ್ನನ್ನು ನೋಡಲು ಬಂದ ದಿನ ನಮ್ಮ ಮನೆಯ ಟ್ಯೂಬ್‌ಲೈಟ್ ಮಿಣುಕುತ್ತಿದ್ದಾಗ ನೀವು ಯಾರ ಪರ್ಮಿಶನ್ನೂ ಕೇಳಲಿಲ್ಲ. ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಸ್ಟೂಲ್ ಹತ್ತಿ ಸ್ಟಾರ್ಟರ್ ತಿರುಗಿಸಿದಿರಿ, ಬೆಳಕು ನಿಂತಿತು. ನನ್ನ ವಿಷಯ ಅಲ್ಲೇ ತೀರ್ಮಾನವಾಗಿತ್ತು, ಉಳಿದದ್ದೆಲ್ಲ ಹಿರಿಯರ ಸಮಾಧಾನಕ್ಕೆ.

ಊಟ ಸರಿಯಾಗಿ ಮಾಡುತ್ತಿದ್ದೀರಾ? ಇಲ್ಲಿ ಎಲ್ಲರೂ ಕ್ಷೇಮ. ಮಾವನ ಮೊಣಕಾಲು ಮಳೆಗೆ ಮತ್ತೆ ಹಿಡಿದಿದೆ. ಥಾಣೆಯ ಆ ಕಾರ್ಖಾನೆ ಕ್ಯಾಂಟೀನಿನಲ್ಲಿ ದಿನವಿಡೀ ನಿಂತೇ ಇರಬೇಕಲ್ಲ. ದೀಪಾವಳಿಗೆ ಕೆಲಸ ಬಿಡುತ್ತೇನೆ ಎನ್ನುವುದನ್ನು ಪ್ರತಿ ಸಲ ಮುಲಾಮು ಹಚ್ಚುವಾಗ ಹೇಳುತ್ತಾರೆ. ಪ್ರಫುಲ್ಲಾ ಎಂದಿನಂತೆ. ಅತ್ತೆ ತುಳುವಿನಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ನಡುವೆ ನಾನು ಇಂಗ್ಲಿಷಿನಲ್ಲಿ ಯೋಚಿಸುತ್ತಾ ಕುಳಿತಿರುತ್ತೇನೆ. ಪತ್ರ ಮಾತ್ರ ಕನ್ನಡದಲ್ಲೇ. ಇಂಗ್ಲಿಷಿನಲ್ಲಿ ಬರೆದರೆ ಇಂಟರ್‌ವ್ಯೂಗೆ ಉತ್ತರ ಕೊಟ್ಟ ಹಾಗಾಗುತ್ತದೆ ಎಂದು ನೀವು ಹೇಳಿದ್ದು ನೆನಪಿದೆ. ಕಾನ್ವೆಂಟಿನಲ್ಲಿ ಕಲಿಯದ ಕನ್ನಡವನ್ನು ಅಮ್ಮ ಅಡುಗೆಮನೆಯಲ್ಲಿ ಕಲಿಸಿದ್ದು ನಿಮಗಾಗಿಯೇ ಎಂದು ಈಗ ಅನಿಸುತ್ತದೆ.

ಈಗ ಸಮಾಚಾರ. ನಿಮಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ. ಬರೆದರೆ ನನಗಾದರೂ ಸ್ಪಷ್ಟವಾದೀತು. ಮೆಡಿಕಲ್ ಸೀಟು ಎರಡು ಕಡೆ ಸಿಕ್ಕಿದೆ. ಒಂದು ಬೊಂಬಾಯಿ ಯೂನಿವರ್ಸಿಟಿಯದ್ದು, ಮಾರ್ಕಿನ ಮೇಲೆ. ಜೊತೆಗೆ ಒಂದು ಮೆರಿಟ್ ಸ್ಕಾಲರ್‌ಶಿಪ್. ಅದು ರೈಲಿನ ಪಾಸಿಗೆ ಮತ್ತು ಪುಸ್ತಕಕ್ಕೆ ಸಾಕು, ಉಳಿದದ್ದಕ್ಕೆ ಇಲ್ಲ. ಫೀಸು ಇದೆ, ಮೈಕ್ರೋಸ್ಕೋಪ್ ಇದೆ, ಒಂದು ಸೆಟ್ ಎಲುಬು ಕೊಳ್ಳಬೇಕಂತೆ. ಎಲುಬನ್ನು ಮನೆಯೊಳಗೆ ಎಲ್ಲಿ ಇಡುತ್ತಿ ಎಂದು ಅತ್ತೆ ಈಗಲೇ ಚಿಂತೆಗೆ ಬಿದ್ದಿದ್ದಾರೆ. ಇನ್ನೊಂದು ನಮ್ಮ ಊರ ಕಡೆಯ ಕಾಲೇಜು, ಮೈಸೂರು ಯೂನಿವರ್ಸಿಟಿಯದ್ದು. ಅಲ್ಲಿ ಖಾಸಗಿ ಫೀಸು, ನಮ್ಮಂಥವರು ಗೇಟಿನ ಹೊರಗೆ ನಿಂತು ನೋಡಬೇಕಾದಂಥದ್ದು. ಆದರೆ ನಮ್ಮ ಸಂಘದ ವಿದ್ಯಾನಿಧಿಯವರು ಕೋರ್ಸ್ ಮುಗಿಯುವವರೆಗೆ ಫೀಸು, ಹಾಸ್ಟೆಲು, ಊಟ, ಎಲುಬು, ಎಲ್ಲವನ್ನೂ ಕೊಡುತ್ತಾರೆ. ಜನವರಿಯಲ್ಲಿ ನಾನು ಅದಕ್ಕೆ ಅರ್ಜಿ ಹಾಕಿದಾಗ ನೀವು ಇನ್ನೂ ನನ್ನ ಜೀವನದಲ್ಲಿ ಹುಟ್ಟಿರಲಿಲ್ಲ.

ಬೊಂಬಾಯಿ ಆದರೆ ಈ ಮನೆಯಲ್ಲೇ ಇರುತ್ತೇನೆ, ನಿಮ್ಮ ದಿಂಬಿನ ಮೇಲೆಯೇ ಮಲಗುತ್ತೇನೆ. ಆದರೆ ಖರ್ಚಿಗೆ ಮಾವ ಕ್ಯಾಂಟೀನು ಬಿಡುವಂತಿಲ್ಲ, ನೀವೂ ಅಂದುಕೊಂಡ ಹಾಗೆ ಎರಡು ವರ್ಷಕ್ಕೆ ವಾಪಸು ಬರುವಂತಿಲ್ಲ. ಊರ ಕಾಲೇಜು ಆದರೆ ನೀವು ಬರಬಹುದು, ವಾಶಿಯಲ್ಲಿ ಅಂಗಡಿ ಹಾಕಬಹುದು. ಆದರೆ ನಾನಲ್ಲಿ, ನೀವಿಲ್ಲಿ. ಮದುವೆಯಾದ ವಾರ ವಾಶಿಗೆ ಹೋಗಿದ್ದೆವಲ್ಲ, ಅರ್ಧ ಕಟ್ಟಿದ ಬಿಲ್ಡಿಂಗುಗಳ ನಡುವೆ ಗಾಳಿಗೆ ನನ್ನ ಸೆರಗು ನಿಮ್ಮ ಮುಖಕ್ಕೆ ಬಡಿಯುತ್ತಿತ್ತು. ನೀವು ಅಂಗಡಿಗೆಂದು ಕಟ್ಟಿದ ಒಂದು ಖಾಲಿ ಗಾಳೆ ತೋರಿಸಿ, ಇಲ್ಲಿ ಕೆಳಗೆ ವಯರು ಬಲ್ಬು, ಮೇಲೆ ಡಾಕ್ಟರ ಬೋರ್ಡು ಎಂದಿರಿ. ನಾನು ಆ ಬೋರ್ಡನ್ನು ಎಷ್ಟು ಸಲ ಮನಸ್ಸಿನಲ್ಲಿ ಬರೆದು ಅಳಿಸಿದ್ದೇನೋ. ಇದನ್ನೆಲ್ಲ ಹಿಂದಿನ ಪತ್ರದಲ್ಲಿ ಬರೆದು, ಹೇಳಿ, ಯಾವುದು ಎಂದು ಕೇಳಿದ್ದೆ. ನಿಮ್ಮ ಉತ್ತರ ಬಂತು: ನಿನಗೆ ಹೇಗೆ ತೋಚುತ್ತದೋ ಹಾಗೆ ಮಾಡು ವಿನೂ, ನಾನು ನಿನ್ನ ಜೊತೆಗಿದ್ದೇನೆ. ಅದನ್ನು ಓದಿ ಮೊದಲು ಸಂತೋಷದಿಂದ ಅತ್ತುಬಿಟ್ಟೆ, ಆಮೇಲೆ ಸಿಟ್ಟಿನಿಂದ ಅತ್ತುಬಿಟ್ಟೆ. ಸಮುದ್ರದ ಆಚೆ ನಿಂತು ಜೊತೆಗಿದ್ದೇನೆ ಎನ್ನುವ ಗಂಡನನ್ನು ಪ್ರೀತಿಸದೆ ಇರಲು ಆಗುವುದಿಲ್ಲ, ಅವನಿಂದ ಒಂದು ಕಾಸಿನ ಉಪಯೋಗವೂ ಇಲ್ಲ.

ನಿಮಗೆ ಗೊತ್ತಿಲ್ಲದ್ದು ಇನ್ನು ಮುಂದೆ. ಹೋದ ಭಾನುವಾರ ವಿದ್ಯಾನಿಧಿಯ ಸೆಕ್ರೆಟರಿ ರಮಾಕಾಂತ ಮಾಮ ನನ್ನನ್ನು ವರ್ತಕ ನಗರದ ತಮ್ಮ ಮನೆಗೆ ಕರೆಸಿದರು. ಮಾವನೂ ಬಂದಿದ್ದರು. ಮಾಮ ಚಹಾ ಕೊಟ್ಟು, ನನ್ನ ಮಾರ್ಕುಗಳನ್ನು ಹೊಗಳಿ, ಆಮೇಲೆ ನನ್ನ ಕೊರಳಿನ ಕರಿಮಣಿಯ ಕಡೆ ನೋಡಿದರು. ವಿದ್ಯಾನಿಧಿಗೆ ಒಂದು ರೂಲು ಇದೆಯಂತೆ: ಹುಡುಗಿಯರಿಗಾದರೆ ಅವಿವಾಹಿತರಿಗೆ ಮಾತ್ರ. ಹಿಂದೆ ಯಾವಳೋ ಒಬ್ಬಳು ಎರಡನೇ ವರ್ಷದಲ್ಲಿ ಮದುವೆಯಾಗಿ ಓದು ಬಿಟ್ಟಳಂತೆ, ದುಡ್ಡು ಕೊಡುವ ದೊಡ್ಡವರು ಸಿಟ್ಟಿನಲ್ಲಿ ಮಾಡಿದ ರೂಲು. ಅರ್ಜಿ ಹಾಕುವಾಗ ಅದನ್ನು ನಾನು ಓದಿದ್ದೆ, ನನಗೆ ಸಂಬಂಧಪಟ್ಟದ್ದೆಂದು ಅನಿಸಿರಲಿಲ್ಲ. ರಮಾಕಾಂತ ಮಾಮ ನಮ್ಮ ಮದುವೆಗೆ ಬಂದವರು ತಾನೇ? ಎರಡು ಸಲ ಪಾಯಸ ಹಾಕಿಸಿಕೊಂಡವರು. ಮಾವ ಅದನ್ನು ನೆನಪಿಸಿದ್ದಕ್ಕೆ ಅವರು ಹೇಳಿದ್ದು ಕೇಳಿ: “ಪಾಯಸ ತಿಂದದ್ದು ರಮಾಕಾಂತ, ದೇವದಾಸಣ್ಣ. ಸೆಕ್ರೆಟರಿ ಬಂದಿರಲಿಲ್ಲ. ಕಾಗದದಲ್ಲಿ ಅವಳು ಇನ್ನೂ ಕುಮಾರಿ ವಿನೋದಾ. ನಾಳೆ ಭಾನುವಾರ ಬಿಟ್ಟು ಬರುವ ಭಾನುವಾರ ಸಂಘದ ಹಾಲ್‌ನಲ್ಲಿ ಫಂಕ್ಷನ್, ಸ್ಟೇಜಿನ ಮೇಲೆ ಸಹಿ, ನಮ್ಮ ಮಾಸಿಕಕ್ಕೆ ಫೋಟೊ. ಆ ಕರಿಮಣಿ ಒಂದು ಹಾಕಬೇಡ ಮಗಾ, ಸಾಕು. ಎಂತ ಮಾಡುವುದು, ಇಷ್ಟು ಮಾರ್ಕು ತೆಗೆದವಳನ್ನು ಬಿಟ್ಟು ನಾನು ಯಾರಿಗೆ ಕೊಡಲಿ?” ‘ನಾಳೆ ಭಾನುವಾರ’ ಎಂದದ್ದು ಅವರ ಗಡಿಬಿಡಿ, ಮಾತಾಡಿದ ದಿನವೇ ಭಾನುವಾರವಾಗಿತ್ತು. ಅವರಿಗೂ ಭಯ ಎಂದು ನನಗೆ ಅದರಿಂದಲೇ ತಿಳಿಯಿತು. ಫಂಕ್ಷನ್ ಇರುವುದು ನಾಳೆ.

ಕೋರ್ಸ್ ಮುಗಿಯುವವರೆಗೆ ಹೀಗೆಯೇ ಇರಬೇಕಂತೆ, ಹಾಸ್ಟೆಲಿನಲ್ಲೂ. ದುಡ್ಡು ಕೊಡುವವರು ಊರಿಗೆ ಬಂದಾಗ ಹುಡುಗಿಯರನ್ನು ನೋಡಿ ಮಾತಾಡಿಸಿ ಹೋಗುತ್ತಾರೆ. ಗೊತ್ತಾದರೆ ಕೊಟ್ಟದ್ದೆಲ್ಲ ವಾಪಸು. ನೀವು ರಜೆಯಲ್ಲಿ ಬಂದರೆ ಏನು ಮಾಡುವುದು ಎಂದು ನಾನು ಕೇಳಿದೆ, ಮಾವನ ಎದುರಿಗೇ, ನಾಚಿಕೆ ಬಿಟ್ಟು. “ದೊಡ್ಡಪ್ಪನ ಮಗ ಅಂತ ಹೇಳು ಮಾರಾಯ್ತಿ” ಎಂದರು. ಪ್ರೇಮ್, ಹಾಸ್ಟೆಲಿನ ವರಾಂಡದಲ್ಲಿ ನಿಮ್ಮನ್ನು ನಾನು ಅಣ್ಣ ಎಂದು ಕರೆಯಬೇಕು, ವಾರ್ಡನ್ ಪಕ್ಕದಲ್ಲಿ ಕುಳಿತು ಸ್ವೆಟರ್ ಹೆಣೆಯುತ್ತಿರುತ್ತಾಳೆ. ಆ ಚಿತ್ರ ಕಣ್ಣಿಗೆ ಬಂದು ನನಗೆ ನಗು ಬಂತು. ಬಸ್ಸಿನಲ್ಲಿ ಮಾವ ಇಡೀ ದಾರಿ ಒಂದು ಮಾತೂ ಆಡಲಿಲ್ಲ, ಆಗ ನಗು ನಿಂತಿತು.

ಮನೆಗೆ ಬಂದ ಮೇಲೆ ಮಾತಾಡಿದರು. “ನನ್ನ ಮಗ ಜೀವಂತ ಇರುವಾಗ ನನ್ನ ಸೊಸೆ ಬರಿ ಕೊರಳಲ್ಲಿ ಸ್ಟೇಜು ಹತ್ತುವುದಿಲ್ಲ. ನಾನು ಇನ್ನೂ ಹತ್ತು ವರ್ಷ ಕ್ಯಾಂಟೀನಿನಲ್ಲಿ ನಿಲ್ಲುತ್ತೇನೆ.” ಅತ್ತೆ ಅವರ ಮೊಣಕಾಲಿನ ಕಡೆ ನೋಡಿ, “ನಿಲ್ಲುವುದು ನೀವು, ತಿಕ್ಕುವುದು ನಾನು” ಎಂದರು. ಅತ್ತೆಯ ಲೆಕ್ಕ ಸರಳ: ಕರಿಮಣಿಯನ್ನು ಅಕ್ಕಿ ಡಬ್ಬದಲ್ಲಿ ಇಟ್ಟರೆ ಅದು ಅಲ್ಲೇ ಇರುತ್ತದೆ, ಕಾಲು ಹೋದರೆ ಬರುವುದಿಲ್ಲ, ಮಗ ಮರಳುಗಾಡಿನಲ್ಲಿ ಉಳಿದರೆ ಅವನೂ ಬರುವುದಿಲ್ಲ. ಪ್ರಫುಲ್ಲಾ ನನ್ನ ಕಿವಿಯಲ್ಲಿ, “ವಹಿನಿ, ಮಗ್ ತೂ ಮಿಸ್ ಕೀ ಮಿಸೆಸ್?” ಎಂದು ಕೇಳಿ ಓಡಿದಳು, ಹಾಗಾದರೆ ಅತ್ತಿಗೆ ಮಿಸ್ಸೋ ಮಿಸೆಸ್ಸೋ ಎಂದು. ಪಕ್ಕದ ಮನೆಯ ಗಿರಿಜವ್ವನಿಗೆ ಗೋಡೆಯ ಮೂಲಕವೇ ಎಲ್ಲ ತಿಳಿದಿತ್ತು. ಬಾಗಿಲಲ್ಲಿ ನಿಂತು, “ಯವ್ವಾ, ಮುತ್ತೈದಿ ಕೊಳ್ಳಾಗಿಂದು ತಗಿಯೂದಂದ್ರೇನು, ಬಾಯಾಗ ಆಡಬಾರದು” ಎಂದು ಕೆನ್ನೆ ಬಡಿದುಕೊಂಡರು. ಆಮೇಲೆ ಹೋಗುವಾಗ, “ಆದ್ರೂ ಲಗೂ ಡಾಕ್ಟರಾಗಿ ಬಾರವಾ, ಅಲ್ಲೀತನಾ ನಾ ಹಿಂಗ ಕೆಮ್ಮಕೋತ ಕುಂದರತೀನಿ” ಎಂದರು. ಒಬ್ಬರೇ ಎರಡೂ ಹೇಳಿ ಹೋದರೆ ನಾನು ಯಾವುದನ್ನು ಹಿಡಿಯಲಿ? ಅಪ್ಪನಿಗೆ ಎದುರು ಬಿಲ್ಡಿಂಗಿನಿಂದ ಫೋನ್ ಮಾಡಿದೆ. ನನ್ನನ್ನು ಡಾಕ್ಟರು ಮಾಡುತ್ತೇನೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ ಅಪ್ಪ ಬಹಳ ಮೆಲ್ಲಗೆ, “ನೀನೀಗ ಅವರ ಮನೆಯವಳು ಮಗಾ, ನಾನು ಎಂತ ಹೇಳಲಿ” ಎಂದರು. ಫೋನು ಇಟ್ಟ ಮೇಲೂ ನಾನು ಅಲ್ಲೇ ನಿಂತಿದ್ದೆ.

ಆಗ ಅತ್ತೆ, ದೇವರನ್ನೇ ಕೇಳುವಾ ಎಂದರು. ಊರಿನಲ್ಲಿ ಕೇಳುವ ಹಾಗೆ, ಹೂವಿನ ಪ್ರಸಾದ: ಒದ್ದೆ ಎಸಳು ಎರಡು, ದೇವಿಯ ಬಲಕ್ಕೊಂದು, ಎಡಕ್ಕೊಂದು. ಬಲದ್ದು ಬಿದ್ದರೆ ಊರ ಕಾಲೇಜು, ಎಡದ್ದು ಬಿದ್ದರೆ ಬೊಂಬಾಯಿ. ಆದರೆ ಕಷ್ಟ ಏನೆಂದು ನಿಮಗೆ ಗೊತ್ತು, ನೀವು ಹುಟ್ಟಿ ಬೆಳೆದ ಮನೆ. ಪಕ್ಕದ ಹಳಿಯಲ್ಲಿ ಲೋಕಲ್ ರೈಲು ಹೋದಾಗಲೆಲ್ಲ ಕಪಾಟಿನ ಲೋಟಗಳು ಮಾತಾಡುತ್ತವೆ, ಫೋಟೊಗಳು ಓರೆಯಾಗುತ್ತವೆ. “ಈ ಮನೆಯಲ್ಲಿ ದೇವರನ್ನು ಕೇಳಿದರೆ ರೈಲ್ವೆಯವರು ಉತ್ತರ ಕೊಡ್ತಾರೆ” ಎಂದು ಅತ್ತೆ ಇಷ್ಟು ವರ್ಷ ಇಲ್ಲಿ ಏನನ್ನೂ ಕೇಳಿಯೇ ಇಲ್ಲವಂತೆ. ಮೊನ್ನೆ ಗುರುವಾರ ಅವರ ಅದೃಷ್ಟಕ್ಕೆ ಮಳೆ ಹುಚ್ಚು ಹಿಡಿದ ಹಾಗೆ ಸುರಿದು, ಕುರ್ಲಾದ ಕಡೆ ಹಳಿಯ ಮೇಲೆ ನೀರು ನಿಂತು, ಬೆಳಿಗ್ಗೆಯಿಂದ ಒಂದು ರೈಲೂ ಇಲ್ಲ. ಮಾವ ಸ್ಟೇಷನ್ನಿಗೆ ಹೋಗಿ ವಾಪಸು ಬಂದರು. ಅತ್ತೆ ಸ್ನಾನ ಮಾಡಿ, ಹೂವಿನವಳು ಹಿಂದಿನ ದಿನ ಕೊಟ್ಟ ಸೇವಂತಿಗೆಯಿಂದ ಎರಡು ಎಸಳು ಕಿತ್ತು, ದೇವಿಯ ಫೋಟೊದ ಗಾಜಿಗೆ ಅಂಟಿಸಿ, ಕೈ ಮುಗಿದು ಕುಳಿತರು. ನಾವೆಲ್ಲ ಹಿಂದೆ ಕುಳಿತೆವು. ಈ ಮನೆ ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ನಾನು ನೋಡಿರಲಿಲ್ಲ.

ಏನೂ ಬೀಳಲಿಲ್ಲ. ಮಳೆಗಾಲದ ಗಾಜು, ಎಸಳು ಬಣ್ಣ ಬಳಿದ ಹಾಗೆ ಅಂಟಿಕೊಂಡಿತ್ತು. ಪ್ರಸಾದ ಆಗದೆ ಊಟವಿಲ್ಲ. ಮಾವ ಒಮ್ಮೆ ಅಡುಗೆಮನೆಯ ಕಡೆ ನೋಡಿದರೆ ಅತ್ತೆ, “ದೇವೆರ್ ಆಲೋಚನೆ ಮಲ್ತೊಂದುಳ್ಳೆರ್” ಎಂದರು, ದೇವರು ಆಲೋಚಿಸುತ್ತಿರುವಾಗ ಹಸಿವೇನು ಎನ್ನುವ ಧಾಟಿಯಲ್ಲಿ. “ದೇವಾಲಾ ಪಣ್ ಸುಟ್ಟಿ ಆಹೇ” ಎಂದಳು ಪ್ರಫುಲ್ಲಾ, ದೇವರಿಗೂ ಇವತ್ತು ರಜೆ. ನನಗೆ ಕಾಲು ಜೋಮು ಹಿಡಿದಿತ್ತು. ನಾನು ಯಾವ ಎಸಳನ್ನು ನೋಡುತ್ತಿದ್ದೆನೆಂದು ಕೇಳಬೇಡಿ. ಒಮ್ಮೆ ಬಲದ್ದು ಬೀಳಲಿ ಎನಿಸುತ್ತಿತ್ತು, ಅದು ಸ್ವಲ್ಪ ಅಲ್ಲಾಡಿದಂತೆ ಕಂಡರೆ ಕೈ ತಾನಾಗಿ ಕೊರಳಿಗೆ ಹೋಗುತ್ತಿತ್ತು. ಮಧ್ಯಾಹ್ನ ಕಳೆದ ಮೇಲೆ ದೂರದಲ್ಲಿ ಹಾರ್ನ್ ಕೇಳಿತು. ಮೊದಲ ಲೋಕಲ್, ಬಸುರಿಯ ಹಾಗೆ ನಿಧಾನ. ಲೋಟಗಳು ಗುನುಗಿದವು, ಗಾಜು ನಡುಗಿತು, ಬಲದ ಎಸಳು ಜಾರಿ ದೀಪದ ಪಕ್ಕ ಬಿತ್ತು. ಎಡದ್ದು ಅಲ್ಲೇ ಇತ್ತು.

ಇನ್ನು ಮುಂದಿನದ್ದು ನಿಮಗೆ ನಂಬಲು ಕಷ್ಟ. “ಆಯಿತು, ಬಲ” ಎಂದವರು ಮಾವ. ಬೇಡವೇ ಬೇಡ ಎಂದಿದ್ದ ಮಾವ. “ಅದು ರೈಲು, ದೇವರಲ್ಲ” ಎಂದವರು ಅತ್ತೆ, ಅಕ್ಕಿ ಡಬ್ಬದ ಅತ್ತೆ. “ರೈಲು ಇಬ್ಬರಿಗೂ ಒಂದೇ ಅಲ್ಲವಾ ನಳಿನಾಕ್ಷಿ, ಹಾಗಾದರೆ ಎಡದ್ದು ಯಾಕೆ ಬೀಳಲಿಲ್ಲ?” ಎಂದು ಮಾವ ಕೇಳಿದರು. ಸತ್ಯಕ್ಕೆ ತಪ್ಪಬಾರದೆಂಬ ಹಟದಲ್ಲಿ ತಮ್ಮ ವಿರುದ್ಧ ತಾವೇ ವಾದಿಸುತ್ತಿದ್ದರು, ಮುಖ ಸಣ್ಣದಾಗಿತ್ತು. ಬಾಯಲ್ಲಿ ಹೇಳುವಾಗ ಸುಲಭವಿದ್ದದ್ದು, ದೇವಿ ಹೌದು ಎಂದ ಕೂಡಲೇ ಅತ್ತೆಗೆ ಭಯ ಹುಟ್ಟಿಸಿತ್ತು. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿ, ಒಂದೇ ಸ್ವರದಲ್ಲಿ, “ನಿನ್ನ ಇಷ್ಟ ಮಗಾ” ಎಂದರು. ಆ ಮೂರು ಶಬ್ದ ಇನ್ನೊಮ್ಮೆ ಯಾರಾದರೂ ಹೇಳಿದರೆ ನಾನು ಅವರಿಗೆ ಎಲುಬಿನ ಸೆಟ್ ಎಸೆಯುತ್ತೇನೆ.

ನನ್ನ ಇಷ್ಟ ಏನೆಂದು ಬರೆಯಲೇ? ನಿಮ್ಮ ಪಕ್ಕದಲ್ಲಿ ಕುಳಿತು ವಾಶಿಯ ಗಾಳಿ ತಿನ್ನುವುದು. ಡಾಕ್ಟರಾಗುವುದು. ಮಾವನ ಕಾಲು ನೆಟ್ಟಗಾಗುವುದು. ಕೊರಳಲ್ಲಿರುವುದು ಕೊರಳಲ್ಲೇ ಇರುವುದು. ಇದರಲ್ಲಿ ಯಾವುದನ್ನು ಹಿಡಿದರೂ ಇನ್ನೊಂದು ಕೈಯಿಂದ ಜಾರುತ್ತದೆ. ಕ್ಲಾಸಿನಲ್ಲಿ ನಾನೇ ಎಲ್ಲಕ್ಕೂ ಮೊದಲು ಕೈ ಎತ್ತುವವಳು, ಉತ್ತರ ಗೊತ್ತಿಲ್ಲದ ಪ್ರಶ್ನೆ ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಿಮಗೆ ಬರೆದರೆ ದಾರಿ ಕಾಣುತ್ತದೆಂದು ಬೆಳಿಗ್ಗೆಯಿಂದ ಬರೆಯುತ್ತಿದ್ದೇನೆ. ನೀವು ಇದನ್ನು ಓದುವ ಹೊತ್ತಿಗೆ ಹೇಗೂ ಭಾನುವಾರ ಕಳೆದಿರುತ್ತದೆ. ಆದರೂ ಬರೆಯುತ್ತಿದ್ದೇನೆ. ಸ್ಟೂಲ್ ಹತ್ತಿ ಸ್ಟಾರ್ಟರ್ ತಿರುಗಿಸುವವರು ಇಲ್ಲದ ಮನೆಯಲ್ಲಿ ಮಿಣುಕುವ ದೀಪದ ಕೆಳಗೆ ಕುಳಿತು ಏನು ಮಾಡುವುದೆಂದು ಒಂದು ಸಲವಾದರೂ ಹೇಳಿ, ಪ್ರೇಮ್. ನಿನ್ನ ಇಷ್ಟ ಎಂದು ಬಿಟ್ಟು ಬೇರೆ ಏನಾದರೂ.

ಬಿಸಿಲಿಗೆ ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ. ಕಂಬ ಹತ್ತುವಾಗ ನನ್ನ ಬಗ್ಗೆ ಯೋಚಿಸಬೇಡಿ, ಇಳಿದ ಮೇಲೆ ಯೋಚಿಸಿ. ಮಾವ ಅತ್ತೆಯರ ಆಶೀರ್ವಾದ, ಪ್ರಫುಲ್ಲಾಳದ್ದು ಒಂದು ವಾಚಿನ ನೆನಪೋಲೆ, ಗಿರಿಜವ್ವನದ್ದು ಎರಡು ಕೆಮ್ಮು. ನನ್ನದು ಏನೆಂದು ಬರೆಯುವುದಿಲ್ಲ, ಕಮಲಾಕ್ಷಣ್ಣ ಮದುವೆಯಾಗದವರು, ಪತ್ರ ಒದ್ದೆಯಾಗಿ ಬಿಚ್ಚಿಕೊಂಡರೆ ಕಷ್ಟ.

ಎಂದೆಂದಿಗೂ ನಿಮ್ಮ,
ವಿನೂ

ಮರೆತದ್ದು: ಕಮಲಾಕ್ಷಣ್ಣ ಬಂದಾಯಿತು, ಚಹಾ ಕುಡಿಯುತ್ತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಉಪ್ಪಿನಕಾಯಿ ತುಂಬಿಸಲು ಈಗ ಒಳಗೆ ಹೋದೆ. ಅತ್ತೆ ಅಲ್ಲಿ ಅರಿಸಿನ ಹಚ್ಚಿದ ನೂಲು ಹಿಡಿದು ನಿಂತಿದ್ದರು. ನನ್ನ ರವಕೆಯ ತೋಳು ಮೇಲೆ ಸರಿಸಿ, ಯಾರಿಗೂ ಕಾಣದಷ್ಟು ಮೇಲೆ ಆ ನೂಲು ಕಟ್ಟಿ, ತೋಳು ಕೆಳಗಿಳಿಸಿದರು. ಆಮೇಲೆ ಕೈ ಚಾಚಿದರು. ನಾನು ಕರಿಮಣಿ ಕಳಚಿ ಕೊಟ್ಟೆ. ಹೀಗೆ ತೀರ್ಮಾನವಾಯಿತು, ಯಾರು ಮಾಡಿದ್ದೆಂದು ನನಗೆ ಈಗಲೂ ಗೊತ್ತಿಲ್ಲ. ಮಾವ ಬಾಲ್ಕನಿಯಲ್ಲಿ ರೈಲು ನೋಡುತ್ತಾ ನಿಂತಿದ್ದಾರೆ, ತಿರುಗುತ್ತಿಲ್ಲ. ಅಕ್ಕಿ ಡಬ್ಬಕ್ಕೆ ಹಾಕಲು ಮಾತ್ರ ನಾನು ಬಿಡಲಿಲ್ಲ. ಉಪ್ಪಿನಕಾಯಿ ಬಾಟಲಿಯ ಕೆಳಗೆ ಹಳದಿ ಬಟ್ಟೆಯ ಗಂಟಿದೆ, ಒಬ್ಬರೇ ಇರುವಾಗ ಬಿಚ್ಚಿ, ಹೆದರಬೇಡಿ. ಕಟ್ಟಿದವರು ನೀವು, ನಿಮ್ಮ ಹತ್ತಿರವೇ ಇರಲಿ. ಬರುವಾಗ ತನ್ನಿ. ಮಾಸಿಕ ನಿಮ್ಮ ಕ್ಯಾಂಪಿಗೂ ಬರುತ್ತದಂತೆ. ಅದರಲ್ಲಿ ಫೋಟೊ ನೋಡಿ ಯಾರಾದರೂ ಈ ಕುಮಾರಿ ವಿನೋದಾ ಯಾರು ಎಂದು ಕೇಳಿದರೆ, ನಮ್ಮ ಊರ ಕಡೆಯ ಹುಡುಗಿ ಎಂದಷ್ಟೇ ಹೇಳಿ.